ಸುಂದರವ್ವನಿಗೆ ಬಂದ ಆಯೇರಿ

ಸಿಂದಗಿಯಲ್ಲಿ ನಮ್ಮ ಮನೆಗೆ ಬಹಳ ವರ್ಷದಿಂದ ಜೋಳದ ರೊಟ್ಟಿ ಕೊಡುವವಳು ಸುಂದರವ್ವ. ನಾನು ಇಲ್ಲಿಯ ಪದವಿಪೂರ್ವ ಕಾಲೇಜಿನಲ್ಲಿ ವಾಣಿಜ್ಯದ ಪಾಠ ಹೇಳುವವಳು. ರೊಟ್ಟಿ ಬಡಿಯಲು ನನಗೆ ಪುರುಸೊತ್ತಿಲ್ಲ, ನಿಜ ಹೇಳಬೇಕೆಂದರೆ ಬರುವುದೂ ಇಲ್ಲ. ನಮ್ಮ ಅತ್ತೆ ರುಕ್ಮಿಣೀಬಾಯಿ ಬದುಕಿದ್ದಾಗ, “ನಮ್ಮ ಮನಿ ಸೊಸಿ ಹೊರಗಿನ ರೊಟ್ಟಿ ತಿನ್ನಸ್ತಾಳ” ಎಂದು ಕೇರಿಗೆಲ್ಲ ಸಾರಿ ಮೂಗು ಮುರಿದಿದ್ದರು. ಎರಡು ದಿನ ಸುಂದರವ್ವನ ರೊಟ್ಟಿ ತಿಂದ ಮೇಲೆ ಅವರ ಮೂಗು ತಾನಾಗಿಯೇ ನೆಟ್ಟಗಾಯಿತು. ಆಮೇಲೆ ಅವಳು ಒಂದು ದಿನ ತಡಮಾಡಿದರೆ ಬಾಗಿಲಲ್ಲಿ ನಿಂತು ದಾರಿ ಕಾಯುವವರು ಅವರೇ.

ಸುಂದರವ್ವ ಐವತ್ತು ದಾಟಿದ, ಎತ್ತರದ, ಗಟ್ಟಿ ಕೈಗಳ ಹೆಂಗಸು. ಗಂಡ ತೀರಿಕೊಂಡಾಗ ಮಗಳು ಸುರೇಖಾ ಇನ್ನೂ ತೊಟ್ಟಿಲಲ್ಲಿದ್ದಳಂತೆ. ಆಗಿನಿಂದ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಪತ್ರಾಸಿನ ಶೆಡ್ಡು ಬಾಡಿಗೆಗೆ ಹಿಡಿದು ಅಲ್ಲೇ ಇದ್ದಾಳೆ. ಅಲ್ಲೇ ವಾಸ, ಅಲ್ಲೇ ಒಲೆ. ಬೇಸಿಗೆಯಲ್ಲಿ ಮೇಲೆ ತಗಡು ಕಾಯುತ್ತದೆ, ಕೆಳಗೆ ಹಂಚು ಕಾಯುತ್ತದೆ, ನಡುವೆ ಇವಳು. ಜೊತೆಗೆ ಕೆಲಸಕ್ಕೆ ಬರುವವರು ಸಗೀರಾ ಮತ್ತು ಸುನೀತಾ. ಮೂವರೂ ಮೂರು ಒಲೆ ಹಚ್ಚಿ, ಮುಂಜಾನೆಯಿಂದ ಮಧ್ಯಾಹ್ನದವರೆಗೆ ಖಾನಾವಳಿಗಳಿಗೂ ನಮ್ಮಂಥ ಸೋಮಾರಿಗಳ ಮನೆಗಳಿಗೂ ರೊಟ್ಟಿ ಬಡಿಯುತ್ತಾರೆ.

ಬಡಿಯುತ್ತ ಹಾಡುತ್ತಾರೆ. ಸುಂದರವ್ವನ ತವರು ಇಂಡಿ ತಾಲೂಕಿನ ಕಡೆ. ಅವಳ ಅಪ್ಪ ಅಮೋಘಸಿದ್ಧನ ಮೇಳದಲ್ಲಿ ಡೊಳ್ಳು ಹೊಡೆದು ಹಾಡುತ್ತಿದ್ದವನು. ಡೊಳ್ಳಿನ ಬದಲು ಮಗಳ ಮುಂದೆ ಹಿಟ್ಟು ನಾದುವ ಕೊಮಣಿಗೆ ಇತ್ತು, ಅಷ್ಟೇ ವ್ಯತ್ಯಾಸ. ಇವಳು ಒಂದು ಸಾಲು ಎತ್ತಿದರೆ ಸಗೀರಾ ಹಿಡಿಯುತ್ತಾಳೆ, ಸುನೀತಾ ಮುಗಿಸುತ್ತಾಳೆ. ರೊಟ್ಟಿಯ ಪಟಪಟ ಸದ್ದೇ ತಾಳ. ಕಾಲೇಜಿಗೆ ಹೋಗುವಾಗ ನಾನೇ ಎಷ್ಟೋ ಸಲ ಶೆಡ್ಡಿನ ಹೊರಗೆ ನಿಂತು ಮೊದಲ ತರಗತಿಗೆ ತಡಮಾಡಿಕೊಂಡಿದ್ದೇನೆ.

ಎರಡು ವರ್ಷದ ಹಿಂದೆ ಸುರೇಖಾ ಈ ಹಾಡನ್ನು ಫೋನಿನಲ್ಲಿ ಹಿಡಿದು ಯೂಟ್ಯೂಬಿಗೆ ಹಾಕಿದಳು. ಆಮೇಲೆ ಏನಾಯಿತೆಂದು ಹೇಳುವುದಕ್ಕೆ ನನಗೂ ಬರುವುದಿಲ್ಲ. ಮುದ್ದೇಬಿಹಾಳ, ನಾಲತವಾಡ, ಬಸವನ ಬಾಗೇವಾಡಿ, ಚಡಚಣ ಎಲ್ಲ ಕಡೆ ಜನ ನೋಡಿದರು. ಪುಣೆಯ ಕಟ್ಟಡಗಳ ಮೇಲೆ ಗಾರೆ ಕೆಲಸ ಮಾಡುವ ನಮ್ಮ ಕಡೆಯ ಹುಡುಗರು ನೋಡಿದರು. ದುಬೈಯಲ್ಲಿ ಲಾರಿ ನಡೆಸುವ ಒಬ್ಬ, ‘ಅವ್ವಾ, ನಿನ್ನ ಹಾಡು ಕೇಳಿದ ಮ್ಯಾಲೆ ಊಟ ಸೇರ್ತು’ ಎಂದು ಬರೆದ. ವಾರಕ್ಕೊಮ್ಮೆ ಮಧ್ಯಾಹ್ನ ನೇರವಾಗಿ ಹಾಡುವುದು ಶುರುವಾಯಿತು. ನೋಡುವವರು ಅಲ್ಲೇ ಒಂದು ಗುಂಡಿ ಒತ್ತಿ ದುಡ್ಡು ಕಳಿಸುತ್ತಿದ್ದರು. ಕೆಲವರು ನೇರ ಸುಂದರವ್ವನ ಖಾತೆಗೇ ಹಾಕುತ್ತಿದ್ದರು.

ಇದನ್ನು ಅವಳು ಗಳಿಕೆ ಎನ್ನಲಿಲ್ಲ. ಆಯೇರಿ ಎಂದಳು. ಮದುವೆಮನೆಯಲ್ಲಿ ನೆಂಟರು ಪ್ರೀತಿಯಿಂದ ಕೊಡುತ್ತಾರಲ್ಲ, ಆ ಆಯೇರಿ. ಅವಳಪ್ಪನ ಮೇಳದಲ್ಲೂ ಕೇಳುವವರು ಕೊಟ್ಟ ದುಡ್ಡಿಗೆ ಅದೇ ಹೆಸರಂತೆ. ಅದಕ್ಕೊಂದು ಪದ್ಧತಿಯೂ ಇತ್ತು. ಯಾರು ಕೊಟ್ಟರೋ ಅವರ ಹೆಸರು, ಊರು, ಕೊಟ್ಟ ಮೊತ್ತ ಮೂರನ್ನೂ ಹಾಡಿನೊಳಗೇ ಕಟ್ಟಿ ಹಾಡಬೇಕು.

“ಚಡಚಣದೂರ ದ್ರಾಕ್ಷಿಯ ತ್ವಾಟದ
ಸಂಜೀವಕುಮಾರ ನಮ್ಮಣ್ಣಾ,
ಸಾವಿರ ರೂಪಾಯಿ ಆಯೇರಿ ಮಾಡ್ಯಾನ
ಸಾವಿರ ವರುಷ ಬಾಳಣ್ಣಾ...”

ಆ ಸಂಜೀವಕುಮಾರ ಕಳಿಸಿದ್ದು ನೂರು ರೂಪಾಯಿ. ನಾನು ವಾಣಿಜ್ಯದ ಮಾಸ್ತರಿಣಿ, ನನಗೆ ತಡೆಯಲಾಗಲಿಲ್ಲ. “ನೂರಕ್ಕ ಸಾವಿರ ಅಂತೀಯಲ್ಲ ಸುಂದರವ್ವ, ಇದ್ಯಾವ ಲೆಕ್ಕ?” ಎಂದೆ.

“ಕೊಟ್ಟವನ ಮಾನ ದೊಡ್ಡದಾಗಬೇಕ್ರಿ ಬಾಯಾರ, ಲೆಕ್ಕ ಸಣ್ಣದಿದ್ರೂ ನಡೀತೈತಿ,” ಎಂದಳು.

ಇನ್ನು ಹಂಚಿಕೆ. ವಾರದ ದುಡ್ಡನ್ನು ಸುರೇಖಾ ಬ್ಯಾಂಕಿನಿಂದ ತಂದರೆ ಅದನ್ನು ಅಪ್ಪನ ಹಳೆಯ ಕಂಬಳಿಯ ಮೇಲೆ ಸುರಿಯುವುದು. ಮೊದಲ ಪಾಲು ತವರಿನ ಅಮೋಘಸಿದ್ಧ ದೇವರಿಗೆ, ಅಲ್ಲಿಯ ಅನ್ನದಾಸೋಹಕ್ಕೆ. ಉಳಿದ ಮೂರು ಪಾಲು ಮೂವರಿಗೆ. ಯಾರ ದನಿ ಚೆಂದ, ಯಾರ ಹೆಸರಿಗೆ ಜನ ಕೊಟ್ಟರು ಎಂಬ ಮಾತೇ ಇಲ್ಲ. ಇನ್ನೊಂದು ಕಟ್ಟುನಿಟ್ಟಿನ ನಿಯಮವಿತ್ತು: ಕೊಟ್ಟವರ ಹೆಸರನ್ನು ಗಂಟಲು ಹರಿಯುವ ಹಾಗೆ ಹಾಡಬೇಕು, ಪಾಲು ಇಸಗೊಂಡವರ ಹೆಸರನ್ನು ಮಾತ್ರ ಎಂದೂ ಎತ್ತಬಾರದು. ಯಾಕೆ ಎಂದು ಕೇಳಿದ್ದಕ್ಕೆ ಸುಂದರವ್ವ ನನ್ನನ್ನೇ ದಡ್ಡಿಯನ್ನು ನೋಡಿದ ಹಾಗೆ ನೋಡಿದಳು. “ಇಸಗೊಂಡವರು ಊರಾಗ ತಲಿ ಎತ್ತಿ ಅಡ್ಡಾಡಬೇಕಲ್ರಿ,” ಎಂದಳು.

ನಾನು ಸುಮ್ಮನೆ ಕೂಡುವವಳಲ್ಲ. ಎರಡು ಸಲ ಹೇಳಿದೆ. ದುಡ್ಡೆಲ್ಲ ನಿನ್ನ ಒಬ್ಬಳ ಹೆಸರಿಗೆ ಬರುತ್ತಿದೆ, ಖಾತೆ ನಿನ್ನದು, ಪ್ಯಾನ್ ಕಾರ್ಡು ನಿನ್ನದು, ತೆರಿಗೆಯವರು ನಿನ್ನನ್ನೇ ಕೇಳುತ್ತಾರೆ, ಅವರಿಬ್ಬರಿಗೆ ಕೊಟ್ಟಿದ್ದಕ್ಕೆ ಒಂದು ಚೀಟಿಯಾದರೂ ಬರೆಸಿಕೋ ಎಂದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. “ಆಯೇರಿಗೆ ತೆರಿಗಿ ಎಲ್ಲಿದ್ರಿ ಬಾಯಾರ? ಹಂಗಾದ್ರ ಊರ ಲಗ್ನದ ಮನಿ ಎಲ್ಲಾ ಜಪ್ತಿ ಆಗಬೇಕು.” ಸಗೀರಾ, ಸುನೀತಾ ಕೂಡ ನಕ್ಕರು. ಮೂರು ಜನ ನಗುವಾಗ ಒಬ್ಬಳೇ ಮುಖ ಗಂಟು ಹಾಕಿಕೊಂಡು ಎಷ್ಟು ಹೊತ್ತು ನಿಲ್ಲುವುದು? ನನ್ನ ಪಾಲಿನ ರೊಟ್ಟಿ ಕಟ್ಟಿಸಿಕೊಂಡು ಮನೆಗೆ ಬಂದೆ.

ಒಂದು ವರ್ಷ ಹೀಗೇ ನಡೆಯಿತು. ಆಮೇಲೆ ಜನರ ಕಣ್ಣು ಬೇರೆ ಕಡೆ ಹೊರಳಿತು. ಕೊಪ್ಪಳದ ಯಾರೋ ಅಜ್ಜಿ ಕುಣಿಯುವುದನ್ನು ನೋಡತೊಡಗಿದರು, ಆಮೇಲೆ ಮಾತಾಡುವ ಒಂದು ಗಿಣಿ. ಸುಂದರವ್ವನ ಹಾಡಿಗೆ ವಾರಕ್ಕೆ ನೂರು, ಇನ್ನೂರು ಬಂದರೆ ಹೆಚ್ಚು. ಅವಳಿಗೆ ಅದರ ಬೇಸರವೇನೂ ಇರಲಿಲ್ಲ. ದುಡ್ಡು ಬಂದ ಆ ವರ್ಷದ ತನ್ನ ಪಾಲಿನಲ್ಲಿ ಒಂದು ಲಕ್ಷ ಎತ್ತಿ, ಇಂಡಿ ರಸ್ತೆಯ ಕಡೆ ಎರಡು ಖೋಲಿಯ ಒಂದು ಮನೆಗೆ ಮುಂಗಡವಾಗಿ ಸಂಚಕಾರ ಕೊಟ್ಟಿದ್ದಳು. ಉಳಿದ ಎರಡು ಲಕ್ಷ ಬ್ಯಾಂಕಿನಲ್ಲಿತ್ತು. ಅದಕ್ಕೆ ಮಹಿಳಾ ಸಂಘದ ಸಾಲ ಸೇರಿಸಿ ಯುಗಾದಿಯೊಳಗೆ ಪೂರ್ತಿ ಕೊಡಬೇಕು, ಇಲ್ಲವಾದರೆ ಸಂಚಕಾರ ಮುಳುಗಿತು ಎಂಬ ಮಾತಾಗಿತ್ತು. ನನ್ನನ್ನೂ ಕರೆದುಕೊಂಡು ಹೋಗಿ ಮನೆ ತೋರಿಸಿದಳು. ಸ್ಲ್ಯಾಬಿನ ಮನೆ. ಗೋಡೆಗೆ ಅಂಗೈ ಹಚ್ಚಿ, “ಮುಟ್ಟಿ ನೋಡ್ರಿ ಬಾಯಾರ, ಹೊರಗ ಬಿಸಲ ಐತಿ, ಗ್ವಾಡಿ ತಣ್ಣಗೈತಿ,” ಎಂದು ಸಣ್ಣ ಹುಡುಗಿಯ ಹಾಗೆ ಹಿಗ್ಗಿದಳು. ಇಷ್ಟು ವರ್ಷ ತಗಡಿನ ಕೆಳಗೆ ಬೆಂದವಳಿಗೆ ಆ ತಣ್ಣಗಿನ ಗೋಡೆ ಎಂದರೆ ಏನೆಂದು ನನಗೆ ಆವತ್ತು ತಿಳಿಯಿತು.

ಆಮೇಲೆ ಆದಾಯ ತೆರಿಗೆಯವರ ಪತ್ರ ಬಂತು. ಅದಕ್ಕೂ ಮೊದಲು ಇ-ಮೇಲಿಗೆ ಎರಡು ಬಂದಿದ್ದವಂತೆ. ಆ ಇ-ಮೇಲ್ ಖಾತೆ ಮಾಡಿಕೊಟ್ಟಿದ್ದವಳು ಸುರೇಖಾ, ಚಾನೆಲ್ಲು ಶುರುಮಾಡಿದ ದಿನ ಬಿಟ್ಟರೆ ಮತ್ತೆ ಅದರ ಕಡೆ ತಿರುಗಿಯೂ ನೋಡಿರಲಿಲ್ಲ. ಆ ವರ್ಷ ನಿಮ್ಮ ಖಾತೆಗೆ ಹನ್ನೆರಡು ಲಕ್ಷ ಬಂದಿದೆ, ಲೆಕ್ಕ ಒಪ್ಪಿಸಿಲ್ಲ, ಯಾಕೆ ಎಂದು ಪತ್ರ ಕೇಳಿತ್ತು. ಸುಂದರವ್ವ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದು ನನ್ನ ಮುಂದಿಟ್ಟಳು. ನಗುತ್ತಿರಲಿಲ್ಲ.

ಧೀರೇಂದ್ರ ನನ್ನ ಸೋದರಮಾವನ ಮಗ. ಸಿಂದಗಿಯಲ್ಲೇ ಒಂದು ಬಟ್ಟೆ ಅಂಗಡಿಯ ಮಹಡಿಯ ಮೇಲೆ ಕೂತು ಊರಿನ ವ್ಯಾಪಾರಿಗಳ ತೆರಿಗೆ ಲೆಕ್ಕ ಬರೆಯುತ್ತಾನೆ. ಒಳ್ಳೆಯವನೇ. ಆದರೆ ಏನು ಕೇಳಿದರೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುತ್ತಾನೆ. ಸುಂದರವ್ವನನ್ನು ಅವನಲ್ಲಿಗೆ ಕರೆದುಕೊಂಡು ಹೋದೆ. ಅವನು ಪತ್ರ ಓದಿ, ಅವಳ ಚಾನೆಲ್ಲನ್ನು ಸ್ವಲ್ಪ ಹೊತ್ತು ನೋಡಿದ.

“ಇದು ಆಯೇರಿ ಐತ್ರಿ ಸಾಹೇಬರ. ಜನ ಪ್ರೀತಿಲೆ ಕೊಟ್ಟಾರ. ನಾ ಯಾರನ್ನೂ ಬೇಡಿಲ್ಲ,” ಎಂದಳು ಸುಂದರವ್ವ.

“ಆಯೇರಿಗೆ ತೆರಿಗಿ ಇಲ್ಲ, ಖರೇ,” ಎಂದ ಧೀರೇಂದ್ರ. “ಆದ್ರ ಅದು ಒಡಹುಟ್ಟಿದವರು, ತಂದಿತಾಯಿ, ಹಿಂಥಾ ಸಂಬಂಧಿಕರು ಕೊಟ್ಟಿದ್ದಿರಬೇಕು. ಇಲ್ಲಾ, ನಿನ್ನ ಲಗ್ನದಾಗ ಬಂದದ್ದಿರಬೇಕು. ಇದು ಯಾರ ಲಗ್ನದ ಆಯೇರಿ ಸುಂದರವ್ವ?”

“ಈ ವಯಸ್ಸಿನಾಗ ಇನ್ನೊಂದು ಲಗ್ನ ಆಗಲೇನ್ರಿ?” ಎಂದಳು. ಒಂದು ಗಳಿಗೆ ಮೂವರೂ ನಕ್ಕೆವು.

ಧೀರೇಂದ್ರ ನಗು ಮುಗಿಸಿ ಕಂಪ್ಯೂಟರಿನತ್ತ ಕೈ ಮಾಡಿದ. “ಇಲ್ಲಿ ನೋಡು. ಒಬ್ಬಾವ ರೊಕ್ಕ ಹಾಕ್ಯಾನ, ನೀ ಅವನ ಹೆಸರು ಹಾಡೀದಿ. ಇನ್ನೊಬ್ಬಾವ ಹಾಕ್ಯಾನ, ಅವನದೂ ಹಾಡೀದಿ. ಕಾಯ್ದೆದವರು ಇದಕ್ಕ ಪ್ರೀತಿ ಅನ್ನಂಗಿಲ್ಲ. ಕೆಲಸ ಅಂತಾರ, ಕೆಲಸದ ಗಳಿಕಿ ಅಂತಾರ. ಅಭಿಮಾನಿಗಳು ಕೊಟ್ಟ ರೊಕ್ಕ ಎಲ್ಲಾ ಹಂಗ.”

“ಹೆಸರು ಹಾಡಲಿಲ್ಲಂದ್ರ ಕೊಟ್ಟವರಿಗೆ ಅಪಮಾನ ಅಲ್ರಿ?”

ಧೀರೇಂದ್ರ ಕ್ಯಾಲ್ಕುಲೇಟರು ಎಳೆದುಕೊಂಡ. ಅವನ ಪುಸ್ತಕಗಳಲ್ಲಿ ಅಪಮಾನದ ಲೆಕ್ಕವಿಲ್ಲ, ನನ್ನವುಗಳಲ್ಲೂ ಇಲ್ಲ. ಲೆಕ್ಕ ಹಾಕಿ, ತೆರಿಗೆ, ಬಡ್ಡಿ, ದಂಡ ಎಲ್ಲ ಸೇರಿ ಒಂದು ಲಕ್ಷ ಮೂವತ್ತು ಸಾವಿರದ ಆಸುಪಾಸು ಆಗಬಹುದು ಎಂದ. ಅರ್ಧ ಖರ್ಚಿಗೆ ಹೋಯಿತೆಂದು ಅಂದಾಜಿನಲ್ಲಿ ತೋರಿಸುವ ಒಂದು ದಾರಿಯಿದೆಯಂತೆ, ಆದರೆ ಹಾಡುವವರಿಗೆ ಅದು ಹೊಂದುತ್ತದೋ ಇಲ್ಲವೋ, ಪತ್ರ ಬಂದ ಮೇಲೆ ಆ ಧೈರ್ಯ ಮಾಡಲಾರೆ ಎಂದ. ಸುಂದರವ್ವನ ಮುಖ ನೋಡಲು ನನಗೆ ಆಗಲಿಲ್ಲ. ಒಂದು ಲಕ್ಷ ಮೂವತ್ತು ಸಾವಿರ ಕೊಟ್ಟರೆ ಮನೆ ಹೋಯಿತು, ಮನೆಯ ಜೊತೆ ಸಂಚಕಾರವೂ ಹೋಯಿತು.

“ಅಲ್ಲೋ, ಇದರಾಗ ಆಕಿ ಪಾಲು ಬರೇ ನಾಕಾಣೆ. ಉಳಿದದ್ದು ಹಂಚ್ಯಾಳ,” ಎಂದೆ ನಾನು.

ಧೀರೇಂದ್ರ ನೆಟ್ಟಗೆ ಕೂತ. “ಹೌದಾ? ಹಂಗಿದ್ರ ಮೊದಲ ಹೇಳಬೇಕಿಲ್ಲ? ಇಸಗೊಂಡವರು ತಮ್ಮ ಪಾಲು ಮುಟ್ಯದ ಅಂತ ಬರದು ಸಹಿ ಮಾಡಲಿ. ಅವರ ಪಾಲು ಅವರ ಹೆಸರಿಗೆ ಹೋಗತದ. ಆವಾಗ ಸುಂದರವ್ವಂದು ತೆರಿಗಿ ಬೀಳೋ ಮಟ್ಟಕ್ಕ ಬರಂಗಿಲ್ಲ, ಅವರಿಗೂ ತೆರಿಗಿ ಬೀಳಂಗಿಲ್ಲ. ದೇವರ ಪಾಲಿಗೆ ಪಾವತಿ ಚೀಟಿ ಅದ ಏನು?”

“ದೇವರು ಪಾವತಿ ಕೊಡತೈತೇನ್ರಿ?” ಎಂದಳು ಸುಂದರವ್ವ.

“ಅದು ಹೋಗಲಿ. ಅದನ್ನ ನಿನ್ನ ಲೆಕ್ಕಕ್ಕ ಹಿಡಿದ್ರೂ ಪಾರಾಗತೀ. ಇಬ್ಬರ ಸಹಿ ತಂದ್ರ ಸಾಕು. ಅವರೂ ಒಂದೊಂದು ರಿಟರ್ನ್ ಹಾಕಬೇಕಾಗತದ.”

ನನಗೆ ಹೋದ ಜೀವ ಬಂದ ಹಾಗಾಯಿತು. ಆದರೆ ಸುಂದರವ್ವ ಇನ್ನೊಂದು ಪ್ರಶ್ನೆ ಕೇಳಿದಳು. “ಅವರ ರೇಷನ್ ಕಾರ್ಡಿಗೇನೂ ಆಗಾಂಗಿಲ್ಲಲ್ರಿ?”

ಧೀರೇಂದ್ರ ಕನ್ನಡಕ ತೆಗೆದು ಒರೆಸಿಕೊಂಡ. “ಅದನ್ನ ನಾ ಹೇಳಲಿಕ್ಕೆ ಬರಂಗಿಲ್ಲ. ಮೂರು ಲಕ್ಷ ಉತ್ಪನ್ನ ಅಂತ ಬರದು ಕೊಟ್ಟ ಮ್ಯಾಲೆ ಬಡವರ ಕಾರ್ಡು ಉಳಿಯೋದು ಕಠಿಣ. ಗೃಹಲಕ್ಷ್ಮಿ ರೊಕ್ಕಾನೂ ನಿಂತರ ನಿಲ್ಲಬಹುದು.”

ಒಂದೇ ವರ್ಷ ಬಂದ ದುಡ್ಡು. ಅದು ಖರ್ಚಾಗಿ ಎಷ್ಟೋ ಕಾಲವಾಗಿತ್ತು. ಸಗೀರಾಳ ಗಂಡ ಇಸಾಕ ಲಕ್ವಾ ಹೊಡೆದು ಹಾಸಿಗೆ ಹಿಡಿದಿದ್ದಾನೆ, ಅವನನ್ನು ವಿಜಯಪುರದ ಆಸ್ಪತ್ರೆಗೆ ಒಯ್ಯುವುದು ಆ ಕಾರ್ಡಿನ ಮೇಲೆಯೇ. ಅವಳ ಪಾಲೆಲ್ಲ ಅವನ ಔಷಧಕ್ಕೆ, ಹಳೆಯ ಸಾಲಕ್ಕೆ ಹೋಗಿತ್ತು. ಸುನೀತಾಳ ಗಂಡ ಮನೆಯಲ್ಲಿ ಕಂಡ ದುಡ್ಡನ್ನೆಲ್ಲ ಕುಡಿಯುವವನು, ಗೃಹಲಕ್ಷ್ಮಿಯ ಎರಡು ಸಾವಿರವೊಂದೇ ಅವಳು ಬಚ್ಚಿಟ್ಟುಕೊಳ್ಳುವ ದುಡ್ಡು. ಕಾಯ್ದೆ ಕಣ್ಣಿಗೆ ಕಂಡ ವರ್ಷವನ್ನು ಮಾತ್ರ ನೋಡುತ್ತದೆ, ಹಿಂದಿನ ಮುಂದಿನ ವರ್ಷಗಳನ್ನು ನೋಡುವುದಿಲ್ಲ. ಇದನ್ನು ನಾನು ಮಕ್ಕಳಿಗೆ ಪಾಠ ಮಾಡುತ್ತೇನೆ, ಪರೀಕ್ಷೆಗೂ ಕೇಳುತ್ತೇನೆ. ಅದು ಸರಿಯೋ ತಪ್ಪೋ ಎಂದು ಈವರೆಗೆ ಯಾವ ಹುಡುಗನೂ ನನ್ನನ್ನು ಕೇಳಿಲ್ಲ, ದೇವರು ದೊಡ್ಡವನು.

ಸಹಿ ಕೇಳಲೆಂದು ಸುಂದರವ್ವ ಸಗೀರಾಳ ಮನೆಗೆ ಹೋದಳು. ಇಸಾಕನ ಕಾಲಿಗೆ ಎಣ್ಣೆ ತಿಕ್ಕಿ, ಉಳ್ಳಾಗಡ್ಡಿಯ ಧಾರಣೆ ಮಾತಾಡಿ, ಚಹಾ ಕುಡಿದು ಬಂದಳು. ಮರುದಿನ ಸುನೀತಾಳ ಮನೆಗೆ ಹೋದಳು. ಅಲ್ಲಿಯೂ ಚಹಾ ಕುಡಿದು ಬಂದಳು. ಮೂರನೆಯ ಸಲವೂ ಬರಿಗೈಯಲ್ಲಿ ಬಂದಾಗ ನನ್ನ ತಾಳ್ಮೆ ತಪ್ಪಿತು. “ಕೊಟ್ಟವ ಕೋಡಂಗಿ, ಇಸ್ಕೊಂಡವ ಈರಭದ್ರ ಅಂತ ಸುಮ್ಮನ ಅನ್ನಂಗಿಲ್ಲ ಸುಂದರವ್ವ. ಊರಿಗೆ ಉಪಕಾರಿ, ಮನಿಗೆ ಮಾರಿ ಆಗಬ್ಯಾಡ. ನೀ ಕೇಳಲಿಲ್ಲಂದ್ರ ನಾ ಕೇಳತೀನಿ,” ಎಂದು ಸೀದಾ ಶೆಡ್ಡಿಗೆ ಹೋದೆ. ಒಲೆಯ ಮುಂದೆ ಕೂತ ಇಬ್ಬರಿಗೂ ಪತ್ರದ ವಿಷಯ, ಮನೆಯ ವಿಷಯ, ಸಹಿಯ ವಿಷಯ, ಕಾರ್ಡಿನ ವಿಷಯ ಎಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟೆ.

 ಸುನೀತಾಳ ರೊಟ್ಟಿ ಹಂಚಿನ ಮೇಲೆ ಕರ್ರಗಾಗುತ್ತಿತ್ತು, ಅವಳು ಅದನ್ನು ತಿರುವದೆ ತಲೆ ತಗ್ಗಿಸಿ ಕೂತಳು. ಅವಳನ್ನು ಬಯ್ಯಲು ನನಗೆ ಬಾಯಿ ಬರಲಿಲ್ಲ. ಸಗೀರಾ ಮಾತ್ರ ಕೈಯ ಹಿಟ್ಟು ಒರೆಸಿಕೊಂಡು ಎದ್ದು ನಿಂತಳು.

“ಎಲ್ಲಿ ಸಹಿ ಹಾಕ್ಬೇಕು ಹೇಳ್ರಿ ಬಾಯಾರ. ನಾ ತಿಂದದ್ದು ನಾ ತಿಂದೇನಿ ಅನ್ನಾಕ ನನಗ್ಯಾಕ ನಾಚಿಕಿ?”

ಸುಂದರವ್ವ ಬಾಗಿಲಲ್ಲಿ ನಿಂತಿದ್ದಳು. ಇಷ್ಟು ವರ್ಷದಲ್ಲಿ ಅವಳು ನನ್ನ ಮೇಲೆ ಸಿಟ್ಟು ಮಾಡಿದ್ದನ್ನು ಅವತ್ತೇ ಕಂಡದ್ದು. “ಇಸಗೊಂಡವರ ಹೆಸರು ಎತ್ತಿದ್ರಿ ನೀವು,” ಎಂದಳು. ಅಷ್ಟೇ ಅಂದಳು. ಎರಡು ದಿನ ನಮ್ಮ ಮನೆಗೆ ರೊಟ್ಟಿ ಸುರೇಖಾಳ ಕೈಯಲ್ಲಿ ಬಂತು.

ಪತ್ರಕ್ಕೆ ಉತ್ತರ ಕೊಡುವ ಗಡುವು ಹತ್ತಿರವಾಯಿತು. ಧೀರೇಂದ್ರನ ಮಹಡಿ ಹತ್ತಿದವರು ನಾವು ಮೂವರು. ಸುಂದರವ್ವ, ನಾನು, ಮತ್ತು ಬೇಡವೆಂದರೂ ಕೇಳದೆ ಬುರ್ಖಾ ಹಾಕಿಕೊಂಡು ಬಂದ ಸಗೀರಾ. ಅವಳು ಆಧಾರ್ ಕಾರ್ಡನ್ನು ಕೈಯಲ್ಲೇ ಹಿಡಿದುಕೊಂಡಿದ್ದಳು. ಒಬ್ಬಳ ಸಹಿಯಾದರೂ ಸಿಕ್ಕರೆ ತೆರಿಗೆ ಬಹಳ ಇಳಿಯುತ್ತದೆ, ಮನೆ ಹೇಗೋ ಉಳಿದೀತು ಎಂದು ಧೀರೇಂದ್ರ ಫೋನಿನಲ್ಲಿ ಹೇಳಿದ್ದ. ನನಗೂ ಆಸೆ ಇತ್ತು. ಸುಳ್ಳೇಕೆ ಹೇಳಲಿ, ಇಸಾಕನ ಆಸ್ಪತ್ರೆಯ ಕಥೆ ಏನಾದರಾಗಲಿ, ಸುಂದರವ್ವನಿಗೆ ಆ ಮನೆ ಸಿಗಲಿ ಎಂದೇ ನಾನು ಒಳಗೊಳಗೆ ಬೇಡಿಕೊಳ್ಳುತ್ತಿದ್ದೆ.

ಧೀರೇಂದ್ರ ಕಂಪ್ಯೂಟರಿನಲ್ಲಿ ಎಲ್ಲ ತುಂಬಿಸುತ್ತ ಹಂಚಿಕೆಯ ಜಾಗಕ್ಕೆ ಬಂದು ಕೈ ನಿಲ್ಲಿಸಿದ. “ಹೇಳವ್ವ. ಇದರಾಗ ಯಾರ್‍ಯಾರಿಗೆ ಎಷ್ಟೆಷ್ಟು ಕೊಟ್ಟಿ?”

“ಯಾರಿಗೂ ಕೊಟ್ಟಿಲ್ರಿ,” ಎಂದಳು ಸುಂದರವ್ವ.

ಧೀರೇಂದ್ರ ನನ್ನ ಮುಖ ನೋಡಿದ. ಆಮೇಲೆ ಸಗೀರಾಳತ್ತ ಕೈ ಮಾಡಿದ. “ಮತ್ತ ಇವರು?”

“ಇಕಿ ರೊಟ್ಟಿ ಬಡಿಯಾಕ ಬರ್ತಾಳ್ರಿ. ಹಾಡಿಗೂ ಇಕಿಗೂ ಸಂಬಂಧ ಇಲ್ಲ. ಒಂದು ಪೈಸಾ ಕೊಟ್ಟಿಲ್ಲ ನಾ. ಬಂದದ್ದೆಲ್ಲಾ ನಾನ ತಿಂದೇನಿ.”

“ಯಾ ಅಲ್ಲಾ! ಯಾಕ ಸುಳ್ಳ ಹೇಳ್ತಿ ಅಕ್ಕಾ?” ಎಂದು ಸಗೀರಾ ಕೂಗಿದಳು. ಆಧಾರ್ ಕಾರ್ಡನ್ನು ಮೇಜಿನ ಮೇಲೆ ಇಟ್ಟಳು. ಸುಂದರವ್ವ ಅದನ್ನು ತೆಗೆದು ಅವಳ ಮಡಿಲಿಗೆ ಹಾಕಿದಳು. ಅವಳು ಮತ್ತೆ ಇಟ್ಟಳು. ಸುಂದರವ್ವ ಈ ಸಲ ಅದನ್ನು ತನ್ನ ತೊಡೆಯ ಕೆಳಗೆ ಒತ್ತಿಕೊಂಡು ಕೂತಳು. ಸಗೀರಾ ಅವಳ ತೋಳು ಹಿಡಿದು ಜಗ್ಗಿದಳು, ಅತ್ತಳು, ಬಯ್ದಳು. ಆ ಗಟ್ಟಿ ಹೆಂಗಸನ್ನು ಅಲುಗಿಸಲು ಆಗಲಿಲ್ಲ.

“ವಸೂ, ನೀನಾರ ಹೇಳ,” ಎಂದ ಧೀರೇಂದ್ರ ನನಗೆ.

ನಾನು ಬಾಯಿ ತೆರೆದೆ. ಸುಂದರವ್ವ ನನ್ನ ಕಡೆ ತಿರುಗಿ ಕೈ ಜೋಡಿಸಿದಳು. ಊರಿಗೆಲ್ಲ ತಿಳಿದ ಸಂಗತಿ, ಸಾವಿರ ಜನ ನೋಡಿದ ಹಾಡು, ನಾನೇ ಕಣ್ಣಾರೆ ಕಂಡ ಕಂಬಳಿಯ ಮೇಲಿನ ಪಾಲು. ಯಾವುದನ್ನೂ ನಾನು ಹೇಳಲಿಲ್ಲ. 

ಧೀರೇಂದ್ರ ನಿಟ್ಟುಸಿರು ಬಿಟ್ಟು ಪೂರ್ತಿ ಮೊತ್ತವನ್ನು ಅವಳೊಬ್ಬಳ ಹೆಸರಿಗೇ ಬರೆದ. ಅವಳ ಫೋನಿಗೆ ಬಂದ ನಂಬರನ್ನು ಓದಿ ಹೇಳು ಎಂದ. ಕನ್ನಡಕ ತಂದಿರಲಿಲ್ಲವಾದ್ದರಿಂದ ಸುಂದರವ್ವ ಫೋನನ್ನು ನನ್ನ ಕೈಗೆ ಕೊಟ್ಟಳು. ಆ ನಂಬರನ್ನು ಓದಿ ಹೇಳಿದವಳು ನಾನೇ. ಬ್ಯಾಂಕಿನಲ್ಲಿದ್ದ ಮನೆಯ ದುಡ್ಡು ಅಲ್ಲೇ, ನಮ್ಮ ಕಣ್ಣ ಮುಂದೆಯೇ ಸರಕಾರಕ್ಕೆ ಹೋಯಿತು. ರಸೀದಿ ಬಂತು.

ಮೆಟ್ಟಿಲು ಇಳಿಯುವಾಗ ಸಗೀರಾ ನಮ್ಮ ಜೊತೆ ಬರಲಿಲ್ಲ. ಕಾರ್ಡು ಕಿತ್ತುಕೊಂಡು, ಮುಖ ತಿರುಗಿಸಿಕೊಂಡು ಮುಂದೆ ಹೊರಟುಹೋದಳು. ಸುಂದರವ್ವ ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿದಳು. ಬಟ್ಟೆ ಅಂಗಡಿಯ ಮುಂದೆ ಬಂದು ನಿಂತಾಗ ದನಿ ಸಣ್ಣದು ಮಾಡಿ ನನ್ನನ್ನು ಕೇಳಿದಳು.

“ಬಾಯಾರ, ಸಾಹೇಬರ ಮುಂದ ಸುಳ್ಳ ಹೇಳಿದೆನಲ್ರಿ, ಅದಕ್ಕ ಬ್ಯಾರೆ ದಂಡ ಐತೇನ್ರಿ?”

“ಇಲ್ಲ,” ಎಂದೆ. “ತನ್ನದಲ್ಲದ್ದನ್ನ ತನ್ನದು ಅಂದವರಿಗೆ ಸರಕಾರ ದಂಡ ಹಾಕಂಗಿಲ್ಲ ಸುಂದರವ್ವ. ತೆರಿಗಿ ಅಷ್ಟ ಇಸಗೋತದ.”

“ಛಲೋ ಆತು ಬಿಡ್ರಿ,” ಎಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಬಸ್ ಸ್ಟ್ಯಾಂಡಿನ ಕಡೆ ಹೋಗುತ್ತಿದ್ದ ಸಗೀರಾಳ ಹಿಂದೆ ಬಿರಬಿರನೆ ನಡೆದಳು. ಎರಡು ಸಲ ಹೆಸರು ಹಿಡಿದು ಕರೆದಳು. ಸಗೀರಾ ತಿರುಗಿ ನೋಡಲಿಲ್ಲ.